ಏಣಿಯಿಂದ ಬಿದ್ದದ್ದು ನಾನೋ, ಅಕ್ಕನೋ?

ಪ್ರಶ್ನೆ

ನಗಬೇಡಿ, ಇದು ನಮ್ಮ ಮನೆಯಲ್ಲಿ ನಿಜವಾಗಿಯೂ ನಡೆಯುತ್ತಿರುವ ಜಗಳ. ಅಜ್ಜಿ ಮನೆಯ ಅಟ್ಟದ ಏಣಿಯಿಂದ ಬಿದ್ದದ್ದು ನಾನು ಅಂತ ನಾನು, ತಾನು ಅಂತ ಅಕ್ಕ.

ನನಗೆ ನೆನಪಿರುವುದು ಇಷ್ಟು. ಮಧ್ಯಾಹ್ನದ ಹೊತ್ತು. ಅಜ್ಜಿ ಕಿಟಕಿ ಪಕ್ಕ ಕೂತು ಏನೋ ಹೊಲಿಯುತ್ತಿದ್ದಳು. ಏಣಿಯ ಮೂರನೇ ಮೆಟ್ಟಿಲು ಸಡಿಲ. ಅದನ್ನು ಬಿಟ್ಟು ಮೇಲಿನದಕ್ಕೆ ಕಾಲಿಡಬೇಕು ಅಂತ ನಮಗೆಲ್ಲ ಗೊತ್ತಿತ್ತು. ಅವತ್ತು ಮರೆತೆ. ಬಿದ್ದೆ. ಅಜ್ಜಿ ಓಡಿಬಂದಳು, ಕನ್ನಡಕ ಹಣೆ ಮೇಲೇ ಇತ್ತು. ಬೈಯಲಿಲ್ಲ. ಗುಂಡಿ ಡಬ್ಬಿ ತಂದು ನನ್ನ ಮುಂದೆ ಸುರಿದಳು. “ಎಣಿಸು ನೋಡೋಣ, ಎಷ್ಟಿವೆ?” ಅಂದಳು. ನನಗೆ ಎಣಿಸಲು ಬರುತ್ತಿದ್ದದ್ದೇ ಹತ್ತರವರೆಗೆ. ಹತ್ತು ಆದ ಮೇಲೆ ಮತ್ತೆ ಒಂದರಿಂದ. ಹಾಗೇ ಅಳು ನಿಂತುಹೋಯಿತು. ಅದರಲ್ಲಿ ಒಂದು ಹಸಿರು ಗುಂಡಿ ಇತ್ತು, ನಾಲ್ಕು ತೂತಿನದು, ಅಂಚು ಸ್ವಲ್ಪ ಮುರಿದದ್ದು. ಆ ಮುರಿದ ಜಾಗದ ಒರಟು ಇವತ್ತಿಗೂ ಬೆರಳಿಗೆ ಗೊತ್ತು.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಗದ್ದದ ಕೆಳಗೆ ಹೊಲಿಗೆಯ ಗುರುತಿದೆ. “ನಿನ್ನ ಮೈಮೇಲೆ ಒಂದು ಗೀರಿದ್ದರೆ ತೋರಿಸು” ಅಂತಾಳೆ. ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ಆಗ ನನಗೆ ನಾಲ್ಕು ವರ್ಷ. ನಾನು ಅಲ್ಲಿ ಇದ್ದದ್ದೇ ಅವಳಿಗೆ ನೆನಪಿಲ್ಲವಂತೆ!

ಮಿಕ್ಕಿದ್ದಕ್ಕೆಲ್ಲ ನಮ್ಮಿಬ್ಬರದು ಒಂದೇ ಮಾತು. ಪೆಟ್ಟಿಗೆ ತೆಗೆದರೆ ಬರುತ್ತಿದ್ದ ನುಸಿಗುಳಿಗೆ ವಾಸನೆ, ಹತ್ತು ನಿಮಿಷ ಮುಂದೆ ಓಡುತ್ತಿದ್ದ ಗಡಿಯಾರ. ರಜೆ ಮುಗಿಸಿ ಹೊರಡುವ ದಿನ ಅಜ್ಜಿಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಒಂದು ಬಟ್ಟೆಗೆ ಸಾಲಾಗಿ ಚುಚ್ಚಿಟ್ಟು ಬರಬೇಕಿತ್ತು. ಮುಂದಿನ ರಜೆವರೆಗೆ ಅವಳಿಗೆ ಅಷ್ಟು ಸಾಕು. ಆರು ನಾನು, ಆರು ಅಕ್ಕ. ಇದರಲ್ಲಿ ಜಗಳವೇ ಇಲ್ಲ.

ಕೇಳೋಣವೆಂದರೆ ಅಜ್ಜಿ ಇಲ್ಲ. ಮನೆಯೂ ಮಾರಿಹೋಗಿದೆ. ಈ ಕತೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಬ್ಬರಿಗೆ ಆದದ್ದು ನಮಗೇ ಆದ ಹಾಗೆ ನೆನಪಿರುವುದು ಸಾಧ್ಯವಾ? ಇಲ್ಲಾ ನಾನು ಇಷ್ಟು ವರ್ಷ ಸುಮ್ನೆ ಸುಳ್ಳು ಹೇಳಿಕೊಂಡು ಬಂದೆನಾ?

ಉತ್ತರ 1

ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಸಾಧ್ಯ, ಮತ್ತು ಅದು ಸುಳ್ಳಲ್ಲ. 2001ರಲ್ಲಿ ಶೀನ್, ಕೆಂಪ್, ರೂಬಿನ್ ಎಂಬ ಮೂವರು ಸಂಶೋಧಕರು ಇದನ್ನೇ ಬರೆದಿದ್ದಾರೆ. ಅವಳಿಗಳನ್ನು ಕೂರಿಸಿ ಬಾಲ್ಯದ ನೆನಪು ಕೇಳಿದರೆ, ಕೆಲವು ಘಟನೆಗಳಿಗೆ ಇಬ್ಬರೂ “ಅದು ಆದದ್ದು ನನಗೆ” ಅಂದರು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ ಇಂಥದ್ದು ಕಂಡಿತು. ಮನೆಯಲ್ಲಿ ಒಂದೇ ಕತೆಯನ್ನು ನೂರು ಸಲ ಕೇಳಿದರೆ ಕೇಳಿದ್ದು ಯಾವುದು, ಕಂಡದ್ದು ಯಾವುದು ಅನ್ನುವ ಗುರುತು ಅಳಿಸಿಹೋಗುತ್ತದೆ.

ಅದಕ್ಕೂ ಮುಂಚೆ 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಒಂದು ಪ್ರಯೋಗ ಮಾಡಿದ್ದರು. 24 ಜನರಿಗೆ “ನೀವು ಚಿಕ್ಕವರಿದ್ದಾಗ ಅಂಗಡಿ ಸಮುಚ್ಚಯದಲ್ಲಿ ಕಳೆದುಹೋಗಿದ್ದಿರಿ” ಅಂತ, ಮನೆಯವರು ಹೇಳಿದ್ದು ಎಂದು ನಂಬಿಸಿದರು. ಅಂಥದ್ದು ನಡೆದೇ ಇರಲಿಲ್ಲ. ಸುಮಾರು ಕಾಲು ಭಾಗ ಜನ ಪೂರ್ತಿಯೋ ಅರೆಬರೆಯೋ ಅದನ್ನು “ನೆನಪಿಸಿಕೊಂಡರು”.

ಹಾಗಂತ ನಾಲ್ಕನೇ ವಯಸ್ಸಿನದು ಪೂರ್ತಿ ಕಟ್ಟುಕತೆಯೇ ಆಗಬೇಕಿಲ್ಲ. ಬಹಳ ಜನರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಆಸುಪಾಸಿನದು. ಕಣ್ಣು ಮುಚ್ಚಿ ಆ ಏಣಿಯನ್ನು ನೋಡಿ. ಮೆಟ್ಟಿಲು ನಿಮ್ಮ ಕಾಲ ಕೆಳಗೆ ಕಾಣುತ್ತದಾ, ಇಲ್ಲಾ ಬೀಳುತ್ತಿರುವ ಹುಡುಗಿ ದೂರದಿಂದ ಕಾಣುತ್ತಾಳಾ? ಇದರಿಂದ ತೀರ್ಪು ಕೊಡಲು ಆಗುವುದಿಲ್ಲ. ನಮ್ಮದೇ ಹಳೆಯ ನೆನಪೂ ಎಷ್ಟೋ ಸಲ ಹೊರಗಿನಿಂದಲೇ ಕಾಣುತ್ತದೆ. ಆದರೂ ನೋಡಿ.

ಉತ್ತರ 2

ಹೊಲಿಗೆ ಗುರುತು ಯಾರ ಗದ್ದದಲ್ಲಿದೆಯೋ ಬಿದ್ದವರು ಅವರೇ. ಇದಕ್ಕೆ ಪ್ರಯೋಗ ಯಾಕೆ ಬೇಕು ಸಾರ್? ನನ್ನ ತಮ್ಮನೂ ಹೀಗೇ, ನನಗೆ ನಾಯಿ ಕಚ್ಚಿದ್ದನ್ನು ತನ್ನದು ಅಂತ ಹೇಳಿಕೊಂಡು ತಿರುಗುತ್ತಾನೆ. ಹೋಗಲಿ, ಹಾಯಾಗಿರಲಿ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ: ಇಂಜೆಕ್ಷನ್ ತಿಂದದ್ದು ನಾನು, ಹೆಸರು ಅವನದು.

ಉತ್ತರ 3

ನನಗೆ ಎಪ್ಪತ್ತೊಂದು. ಐದು ಜನ ಮೊಮ್ಮಕ್ಕಳು. ಮೇಲೆ ಬರೆದ ಮೇಷ್ಟ್ರು ತಿಳಿದವರು, ಆದರೆ ನೀವ್ಯಾರೂ ಅಜ್ಜಿಯ ಕೈ ನೋಡಲಿಲ್ಲ.

ಮಗಳೇ, ಗದ್ದ ಸೀಳಿದ ಮಗುವಿನ ಮುಂದೆ ಯಾರಾದರೂ ಗುಂಡಿ ಸುರಿಯುತ್ತಾರಾ? ಅದರ ಗದ್ದಕ್ಕೆ ಬಟ್ಟೆ ಒತ್ತಿ ಹಿಡಿಯಬೇಕು, ತಲೆ ಅಲ್ಲಾಡದ ಹಾಗೆ ನೋಡಬೇಕು. ಬಗ್ಗಿ ಎಣಿಸು ಅಂತ ಯಾವ ಅಜ್ಜಿಯೂ ಹೇಳುವುದಿಲ್ಲ. ಒಂದು ಮಗುವಿಗೆ ರಕ್ತ ಬಂದರೆ ಪಕ್ಕದ ಮಗು ಅದಕ್ಕಿಂತ ಜಾಸ್ತಿ ಅಳುತ್ತದೆ. ನಮ್ಮ ಮನೆಯಲ್ಲೂ ಆಗಿದೆ. ಆಗ ಆ ಎರಡನೆಯದನ್ನು ಸುಮ್ಮನಾಗಿಸಲು ಕೈಗೆ ಸಿಕ್ಕಿದ್ದು ಕೊಡುತ್ತೇವೆ. ನಾನು ಒಮ್ಮೆ ಬೀಗದ ಕೈ ಗೊಂಚಲು ಕೊಟ್ಟಿದ್ದೆ.

ಅಕ್ಕನಿಗೆ ಫೋನ್ ಮಾಡಿ ಬರೀ ಡಬ್ಬಿ ವಿಷಯ ಕೇಳು. ಬಿದ್ದದ್ದು ಕೇಳಬೇಡ.

ಪ್ರಶ್ನೆ ಕೇಳಿದವಳು

ಅಮ್ಮಾ, ನೀವು ಹೇಳಿದ ಹಾಗೇ ಮಾಡಿದೆ. “ಅಜ್ಜಿಯ ಗುಂಡಿ ಡಬ್ಬಿ ನೆನಪಿದೆಯಾ?” ಅಂದೆ. “ಇದೆ, ಕಪಾಟಿನ ಮೇಲಿರುತ್ತಿತ್ತು. ಯಾಕೆ?” ಅಂದಳು. ಬಿದ್ದ ದಿನ ಅದು ಎಲ್ಲಿತ್ತು ಅಂದರೆ ಗೊತ್ತೇ ಇಲ್ಲ. ಅವಳಿಗೆ ನೆನಪಿರುವುದು ಛಾವಣಿ ಮಾತ್ರ. ಮಲಗಿಸಿದ್ದರಂತೆ, ಮೇಲೆ ತೊಲೆಗಳು ಕಾಣುತ್ತಿದ್ದವಂತೆ, ಗದ್ದದ ಮೇಲೆ ಅಜ್ಜಿಯ ಕೈಯ ಭಾರ. ಹಿಂದೆ ಎಲ್ಲೋ ಯಾರೋ ಜೋರಾಗಿ ಅಳುತ್ತಿದ್ದರಂತೆ. “ಅದು ನಾನೇ ಅಂದುಕೊಂಡಿದ್ದೆ ಕಣೇ” ಅಂದಳು.

ಮೇಷ್ಟ್ರೇ, ಕಣ್ಣು ಮುಚ್ಚಿ ನೋಡಿದೆ. ಏಣಿ ನನ್ನ ಕಾಲ ಕೆಳಗಿಲ್ಲ. ಪಕ್ಕದಿಂದ ಕಾಣುತ್ತದೆ, ಮೇಲೆ ಯಾರದೋ ಎರಡು ಹಿಮ್ಮಡಿ. ಗುಂಡಿಗಳು ಮಾತ್ರ ನನ್ನ ಮುಂದೆಯೇ ಇವೆ, ನೆಲದ ಮೇಲೆ.

ಸರಿ, ಬಿದ್ದದ್ದನ್ನು ಅಕ್ಕನಿಗೆ ಬಿಟ್ಟುಕೊಟ್ಟೆ. ಗುಂಡಿ ನನ್ನದು ಅಂತ ಒಪ್ಪಂದವೂ ಆಯಿತು. ರಾತ್ರಿ ಹತ್ತೂವರೆಗೆ ಮತ್ತೆ ಅವಳದೇ ಫೋನ್. “ಆ ಹಸಿರು ಗುಂಡಿ ಅಂದೆಯಲ್ಲ, ಅಂಚು ಮುರಿದದ್ದು? ಅದು ನನ್ನ ಸ್ವೆಟರಿನದು.”