ಪದಚರ್ಚೆ: ಪ್ಯಾಕೇಜುಗಳ ‘ಕಾನ್‌ಫ್ಲಿಕ್ಟ್’ ಘರ್ಷಣೆಯೋ, ತಿಕ್ಕಾಟವೋ?

> ಲಿನಕ್ಸ್ ಕೈಪಿಡಿ ನಾಳೆ ಅಚ್ಚಿಗೆ ಹೋಗುತ್ತಿದೆ. ‘ಪ್ಯಾಕೇಜ್ ಕಾನ್‌ಫ್ಲಿಕ್ಟ್’ಗೆ ‘ಪೊಟ್ಟಣ ಸಂಘರ್ಷ’ ಎಂದು ಹಾಕಿದ್ದೇನೆ. ಸರಿಯೇ? ರಾತ್ರಿಯೊಳಗೆ ತಿಳಿಸಿ.

ಸರಿಯಲ್ಲ. ತೆಗೆಯಿರಿ. ಪ್ಯಾಕೇಜು ಎಂದರೆ ಒಂದು ತಂತ್ರಾಂಶದ ಕಡತಗಳ ಕಟ್ಟು. ಅಂಥ ಎರಡು ಕಟ್ಟುಗಳು ಒಂದಕ್ಕೊಂದು ಅಡ್ಡ ಬರುವುದೇ ಈ ‘ಕಾನ್‌ಫ್ಲಿಕ್ಟ್’.

> ‘ತಿಕ್ಕಾಟ’ ಅಚ್ಚಗನ್ನಡ. ಅದನ್ನೇ ಹಾಕಿ, ಮುಗೀತು.

ಮುಗಿಯುವುದಿಲ್ಲ. ‘ಸಂಘರ್ಷ’, ‘ಘರ್ಷಣೆ’ಗಳ ಬೇರಾದ ‘ಘೃಷ್’ ಎಂದರೂ ಉಜ್ಜುವುದು, ‘ತಿಕ್ಕು’ ಎಂದರೂ ಉಜ್ಜುವುದು. ಸಂಸ್ಕೃತ ಬಿಟ್ಟು ಕನ್ನಡಕ್ಕೆ ಬಂದರೂ ಚಿತ್ರ ಅದೇ ಉಳಿಯಿತು. ಒಂದಕ್ಕೊಂದು ಉಜ್ಜಬೇಕಾದರೆ ಎರಡೂ ಒಂದೇ ಕಡೆ ಇರಬೇಕು, ಅಲ್ವಾ? ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ಎಕ್ಸಿಮ್ ಇರುವಾಗ ಪೋಸ್ಟ್‌ಫಿಕ್ಸ್ ಹಾಕಲು ಹೋಗಿ ನೋಡಿ. ಎರಡೂ ಮೇಲ್ ಸಾಗಿಸುವ ತಂತ್ರಾಂಶಗಳು. ಇದು ಬಂದರೆ ಅದನ್ನು ತೆಗೆಯುತ್ತೇನೆ ಎಂದು, ಪ್ಯಾಕೇಜು ತರಿಸಿ ಹಾಕುವ ಆಪ್ಟ್ ಮೊದಲೇ ಹೇಳುತ್ತದೆ. ಎರಡರ ವಿವರದಲ್ಲೂ ‘ಕಾನ್‌ಫ್ಲಿಕ್ಟ್ಸ್’ ಎಂಬ ಸಾಲಿದೆ. ಆ ಸಾಲಿದ್ದರೆ ಎರಡನ್ನೂ ಒಟ್ಟಿಗೆ ಬಿಚ್ಚಿಡಲು, ಆಪ್ಟ್‌ನ ಕೆಳಗೆ ಆ ಕೆಲಸ ಮಾಡುವ ಡಿಪಿಕೆಜಿ ಬಿಡುವುದೇ ಇಲ್ಲ. ಮುಖಾಮುಖಿಯೇ ಆಗದ ಮೇಲೆ ತಿಕ್ಕಾಟ ಎಲ್ಲಿಂದ ಬಂತು? ಇದು ಎಣ್ಣೆ-ಸೀಗೆಕಾಯಿ ಸಂಬಂಧ. ‘ಒಗ್ಗದು’ ಎನ್ನಿ. ‘ಈ ಪ್ಯಾಕೇಜು ಎಕ್ಸಿಮ್‌ಗೆ ಒಗ್ಗದು.’ ಹೊಸ ಊರಿನ ನೀರು ಒಗ್ಗಲಿಲ್ಲ ಎನ್ನುತ್ತೇವಲ್ಲ, ಅದೇ ಮಾತು.

ತಿಕ್ಕಾಟಕ್ಕೂ ಜಾಗವಿದೆ. ಹೋದ ತಿಂಗಳು ನಾನು ಹೊರಗಿನ ಒಂದು ರೆಪೊಸಿಟರಿ (ಪ್ಯಾಕೇಜುಗಳ ಉಗ್ರಾಣ) ಸೇರಿಸಿದ್ದೆ. ಅಲ್ಲಿಂದ ಬಂದ ಪ್ಯಾಕೇಜಿನಲ್ಲೂ ಡೆಬಿಯನ್ನಿನದೇ ಇನ್ನೊಂದು ಪ್ಯಾಕೇಜಿನಲ್ಲೂ ಅದೇ ಜಾಗಕ್ಕೆ, ಅದೇ ಹೆಸರಿನ ಕಡತ. ‘ಕಾನ್‌ಫ್ಲಿಕ್ಟ್ಸ್’ ಸಾಲನ್ನು ಯಾರೂ ಬರೆದಿರಲಿಲ್ಲ. ಈ ಕಡತ ಆಗಲೇ ಬೇರೆಯವರದು ಎಂದು ಡಿಪಿಕೆಜಿ ಅರ್ಧಕ್ಕೇ ನಿಂತಿತು. ಹೊರಗಿನದನ್ನು ಕಿತ್ತುಹಾಕಿ, ಆಪ್ಟ್‌ನ ‘ಫಿಕ್ಸ್-ಬ್ರೋಕನ್’ ಎಂಬ ರಿಪೇರಿ ಆಯ್ಕೆ ಓಡಿಸಿದ ಮೇಲೆಯೇ ದಾರಿಗೆ ಬಂತು. ಇದು ತಿಕ್ಕಾಟ. ಇದಕ್ಕೆ ಬಳಸಿ.

ಮೂರನೆಯದು ಎಲ್ಲಕ್ಕಿಂತ ಜಾಸ್ತಿ ಕಾಡುವುದು. ಒಂದು ಪ್ಯಾಕೇಜಿಗೆ ಲೈಬ್ರರಿಯ (ಹಲವು ತಂತ್ರಾಂಶಗಳು ಹಂಚಿಕೊಳ್ಳುವ ಕೋಡಿನ) ಹಳೆಯ ಆವೃತ್ತಿಯೇ ಬೇಕು, ಇನ್ನೊಂದಕ್ಕೆ ಹೊಸದೇ ಬೇಕು. ಇದು ‘ಜಗ್ಗಾಟ’. ಆಗ ಆಪ್ಟ್ ಹೇಳುವ ‘ಬ್ರೋಕನ್’ ಅನ್ನು ದಯವಿಟ್ಟು ‘ಮುರಿದ’ ಎಂದು ಬರೆಯಬೇಡಿ. ಏನೂ ಮುರಿದಿರುವುದಿಲ್ಲ. ಬೇಕಾದದ್ದು ಸಿಕ್ಕಿಲ್ಲ, ಅಷ್ಟೆ. ‘ಮುರಿದ’ ಎಂದು ಓದಿದ ಹುಡುಗ ಸುಮ್ನೆ ಡಿಸ್ಕ್ ಅಳಿಸಿ ಎಲ್ಲವನ್ನೂ ಮೊದಲಿಂದ ಹಾಕುತ್ತಾನೆ. ‘ಕೊರತೆಯ ಪ್ಯಾಕೇಜು’ ಎಂದರೆ ಏನು ಕೊರತೆ ಎಂದು ಹುಡುಕುತ್ತಾನೆ.

> ‘ಪೊಟ್ಟಣ ಸಂಘರ್ಷ’ ಅರಿಸಮಾಸ, ಕನ್ನಡ-ಸಂಸ್ಕೃತ ಪದಗಳ ಸಲ್ಲದ ಜೋಡಣೆ. ಕೇಶಿರಾಜ ಒಪ್ಪುವುದಿಲ್ಲ.

ಕೇಶಿರಾಜ 13ನೇ ಶತಮಾನದ ವ್ಯಾಕರಣಕಾರ. ಬಿರುದುಗಳಿಗೂ ಹಳಬರ ಪ್ರಯೋಗಕ್ಕೂ ಅವನೇ ವಿನಾಯಿತಿ ಕೊಟ್ಟಿದ್ದಾನೆ. ನನ್ನ ತಕರಾರು ಸಮಾಸದ ಮೇಲಲ್ಲ, ಅರ್ಥದ ಮೇಲೆ.

> ಇಷ್ಟೆಲ್ಲ ಯಾಕೆ? ‘ಕಾನ್‌ಫ್ಲಿಕ್ಟ್’ ಅಂತಲೇ ಬರೆಯಿರಿ. ಕಾಗದ, ತಕರಾರು ಎಲ್ಲ ತಗೊಂಡಿಲ್ವಾ?

ತಗೊಂಡಿದ್ದೇವೆ. ಆದರೆ ‘ತಕರಾರು’ ಬಂದ ಬಗೆ ನೋಡಿ. ಅರಬ್ಬಿಯಲ್ಲಿ ಅದು ಮತ್ತೆ ಮತ್ತೆ ಹೇಳುವುದು. ನಮ್ಮಲ್ಲಿಗೆ ಬಂದು ಆಕ್ಷೇಪವಾಯಿತು, ಜಗಳವಾಯಿತು, ‘ತಕರಾರು ತೆಗೆಯುವುದು’ ಎಂಬ ನುಡಿಯೇ ಬೆಳೆಯಿತು. ‘ಪ್ಯಾಕೇಜು’ ಕೂಡ ಉಕಾರ ಹಚ್ಚಿಕೊಂಡು ಪಳಗಿದೆ. ಅದನ್ನು ಹಾಗೇ ಇಟ್ಟುಕೊಳ್ಳಿ. ಪೊಟ್ಟಣ ಒಳ್ಳೆಯ ಪದ, ತಮಿಳಿನಲ್ಲೂ ಇದೆ. ಆದರೆ ಅದನ್ನು ಓದಿದರೆ ನನಗೆ ಕಡಲೆಕಾಯಿಯೇ ಕಣ್ಣಮುಂದೆ ಬರುತ್ತದೆ. ‘ಕಾನ್‌ಫ್ಲಿಕ್ಟ್’ ಪಳಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಅದು ಮೂರು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರು. ಮದ್ದು ಬೇರೆ ಬೇರೆ ಇರುವಾಗ ಹೆಸರೂ ಬೇರೆ ಇರಲಿ. ಇಂಗ್ಲಿಷಿನ ಗೊಂದಲವನ್ನೂ ನಾವು ಎರವಲು ತರಬೇಕೇ? ಎರವಲಿನ ಬಗ್ಗೆ ಮಾತಾಡುವುದಿದ್ದರೆ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಇವರಿಗೆ ನಾಳೆ ಬೆಳಿಗ್ಗೆ ಅಚ್ಚಾಗಬೇಕು.

ಕೈಪಿಡಿಗೆ ಇಷ್ಟು ಮಾಡಿ. ಅಧ್ಯಾಯದ ತಲೆಬರಹ ‘ಒಗ್ಗದ ಪ್ಯಾಕೇಜುಗಳು’. ಕಡತದ ವಿಷಯ ಬಂದಾಗ ತಿಕ್ಕಾಟ, ಆವೃತ್ತಿಯ ವಿಷಯ ಬಂದಾಗ ಜಗ್ಗಾಟ. ಕಮಾಂಡುಗಳನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಬಿಡಿ, ಹುಡುಗರು ಅವನ್ನು ಟೈಪ್ ಮಾಡಬೇಕು.

‘ಬ್ರೇಕ್ಸ್’ ಎಂಬ ಇನ್ನೊಂದು ಸಾಲಿದೆಯಲ್ಲ, ‘ಕಾನ್‌ಫ್ಲಿಕ್ಟ್ಸ್’ಗಿಂತ ಮೆತ್ತಗಿನದು? ಹೆಚ್ಚಾಗಿ ಇನ್ನೊಂದರ ಹಳೆಯ ಆವೃತ್ತಿ ನನ್ನಿಂದ ಕೆಡುತ್ತದೆ ಎಂದು ಹೇಳಲು ಬರೆಯುತ್ತಾರೆ. ಅದಕ್ಕೆ ನನಗೆ ‘ಕೆಡಿಸು’ ಬಿಟ್ಟು ಬೇರೆ ಹೊಳೆದಿಲ್ಲ. ಯಾರಿಗಾದರೂ ಹೊಳೆದರೆ ಹತ್ತು ಗಂಟೆಯೊಳಗೆ ಬರೆಯಿರಿ.