ಪದಚರ್ಚೆ: ಮೂರು ‘ಲಾಭ’ಗಳಿಗೆ ಮೂರು ಪದ ಬೇಕು

ಗೆಳೆಯರೆ, ನಮಸ್ಕಾರ.

ಕೆನಡಾದ ಯುರೇನಿಯಂ ಗಣಿ ಕಂಪನಿ ಕ್ಯಾಮೆಕೊ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಗಣಿಯ ಪದಗಳು ಅಷ್ಟಾಗಿ ಕಾಡಲಿಲ್ಲ. ಅದಿರು, ಸುರಂಗ, ಕೊರೆತ ಎಲ್ಲ ನಮ್ಮಲ್ಲೇ ಇವೆ. ಕೈಕೊಟ್ಟಿದ್ದು ‘ಲಾಭ’.

2024ರ ವರ್ಷಕ್ಕೆ ಕಂಪನಿ ಕೊಟ್ಟಿರುವ ಅಂಕಿಗಳನ್ನು ನೋಡಿ. ನೆಟ್ ಅರ್ನಿಂಗ್ಸ್, ಅಂದರೆ ನಿವ್ವಳ ಲಾಭ, 17.2 ಕೋಟಿ ಕೆನಡಾ ಡಾಲರ್. ಅಡ್ಜಸ್ಟೆಡ್ ನೆಟ್ ಅರ್ನಿಂಗ್ಸ್ 29.2 ಕೋಟಿ. ಅಡ್ಜಸ್ಟೆಡ್ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಅಂಕಿ) ಸುಮಾರು 153 ಕೋಟಿ. ಒಂದೇ ಕಂಪನಿ, ಒಂದೇ ವರ್ಷ. ಮೂರಕ್ಕೂ ‘ಲಾಭ’ ಅಂತಲೇ ಬರೆದುಬಿಟ್ಟರೆ ಓದುವವರು ಯಾವುದನ್ನು ನಂಬಬೇಕು? 2023ರಲ್ಲಿ ನಿವ್ವಳ ಲಾಭ 36.1 ಕೋಟಿ ಇತ್ತು. ಹಾಗಾಗಿ ‘ಕ್ಯಾಮೆಕೊ ಲಾಭ ಅರ್ಧಕ್ಕಿಂತ ಜಾಸ್ತಿ ಕುಸಿತ’ ಅಂತ ತಲೆಬರಹ ಕೊಟ್ಟರೆ ಸುಳ್ಳೇನಲ್ಲ. ಆದರೆ ಅದೇ ವರ್ಷ ವ್ಯಾಪಾರ 258.8 ಕೋಟಿಯಿಂದ 313.6 ಕೋಟಿ ಡಾಲರಿಗೆ ಏರಿತ್ತು. ಮೆಕಾರ್ಥರ್ ರಿವರ್ ಗಣಿಯಿಂದ 2.03 ಕೋಟಿ ಪೌಂಡ್ ಯುರೇನಿಯಂ ಬಂದಿತ್ತು, ಅದು ದಾಖಲೆ. ‘ಭರ್ಜರಿ ವರ್ಷ’ ಅಂತ ಬರೆದರೂ ತಪ್ಪು ಹಿಡಿಯೋಕೆ ಆಗಲ್ಲ.

ಈ ಅಂತರ ಎಲ್ಲಿಂದ ಬಂತು ಅಂತ ಗೊತ್ತಾದರೆ ಪದ ಹುಡುಕೋದು ಸುಲಭ. 2023ರ ನವೆಂಬರ್‌ನಲ್ಲಿ ಕ್ಯಾಮೆಕೊ, ಹೂಡಿಕೆ ಸಂಸ್ಥೆ ಬ್ರೂಕ್‌ಫೀಲ್ಡ್ ಜೊತೆ ಸೇರಿ ಅಣು ರಿಯಾಕ್ಟರುಗಳ ವೆಸ್ಟಿಂಗ್‌ಹೌಸ್ ಕಂಪನಿಯನ್ನು ಕೊಂಡಿತು. ಕ್ಯಾಮೆಕೊ ಪಾಲು ಶೇ 49, ಬ್ರೂಕ್‌ಫೀಲ್ಡ್ ಪಾಲು ಶೇ 51. ಕೊಂಡ ದಿನ ವೆಸ್ಟಿಂಗ್‌ಹೌಸ್ ಉಗ್ರಾಣದಲ್ಲಿದ್ದ ಸರಕಿಗೆ ಅವತ್ತಿನ ಮಾರುಕಟ್ಟೆ ಬೆಲೆ ಕಟ್ಟಬೇಕು, ಅದು ಲೆಕ್ಕಪತ್ರದ ನಿಯಮ. ಅದೇ ಸರಕನ್ನು ಆಮೇಲೆ ಮಾರಿದಾಗ ಕಾಗದದ ಮೇಲೆ ಅಸಲೇ ದುಬಾರಿಯಾಗಿ ಕಾಣುತ್ತದೆ, ಲಾಭ ಇಳಿಯುತ್ತದೆ. ಪೆಟ್ಟಿಗೆಯಿಂದ ಒಂದು ಡಾಲರೂ ಹೊರಗೆ ಹೋಗಿರುವುದಿಲ್ಲ. ಇದರ ಜೊತೆಗೆ ಸವಕಳಿಯ ಲೆಕ್ಕವೂ ದೊಡ್ಡದು. 2024ರಲ್ಲಿ ವೆಸ್ಟಿಂಗ್‌ಹೌಸ್‌ನಿಂದ ಕ್ಯಾಮೆಕೊ ಪಾಲಿಗೆ ಬಂದದ್ದು 21.8 ಕೋಟಿ ನಷ್ಟ. ಅದೇ ವೆಸ್ಟಿಂಗ್‌ಹೌಸ್‌ನ ಅಡ್ಜಸ್ಟೆಡ್ ಎಬಿಟ್ಡಾದಲ್ಲಿ ಕ್ಯಾಮೆಕೊ ಪಾಲು 48.3 ಕೋಟಿ. ಇನ್ನೊಂದು ಕಡೆ, ಕಂಪನಿ ಯುರೇನಿಯಂ ಮಾರುವುದು ಹೆಚ್ಚಾಗಿ ಅಮೆರಿಕದ ಡಾಲರಿನಲ್ಲಿ, ಸಂಬಳ ಕೊಡುವುದು ಕೆನಡಾ ಡಾಲರಿನಲ್ಲಿ. ಎರಡು ಡಾಲರುಗಳ ವಿನಿಮಯ ದರದ ಏರಿಳಿತಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತದೆ. ಒಪ್ಪಂದದ ಬೆಲೆ ವರ್ಷದ ಕೊನೆಗೆ ಎಲ್ಲಿ ನಿಂತಿದೆಯೋ ಅದೂ ನಿವ್ವಳ ಲಾಭಕ್ಕೆ ಬಂದು ಸೇರುತ್ತದೆ. ಸವಕಳಿಯನ್ನು ಹಾಗೇ ಬಿಟ್ಟು, ಉಳಿದ ಇಂಥವನ್ನೆಲ್ಲ ಬದಿಗಿಟ್ಟರೆ ಸಿಗುವುದು ಆ 29.2 ಕೋಟಿ.

ಈಗ ಪದಕ್ಕೆ ಬರೋಣ. ‘ಹೊಂದಾಣಿಕೆಯ ಲಾಭ’ ಅಂತ ಕೆಲವರು ಬರೆಯುತ್ತಾರೆ. ನನಗೆ ಹಿಡಿಸೋದಿಲ್ಲ. ‘ಹೊಂದಾಣಿಕೆ ರಾಜಕಾರಣ’ ಅಂತ ಓದಿ ಓದಿ ಆ ಪದಕ್ಕೆ ಒಳಒಪ್ಪಂದದ ವಾಸನೆ ಹತ್ತಿಬಿಟ್ಟಿದೆ. ಹಾಗೇ ‘ಅಡ್ಜಸ್ಟ್’ ಅಂತ ಬಿಟ್ಟರೂ ಕಷ್ಟ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ನೆನಪಾಗುತ್ತದೆ. ‘ತಿದ್ದಿದ ಲಾಭ’ ಅಂತೂ ಬೇಡವೇ ಬೇಡ. ಲೆಕ್ಕ ತಿದ್ದೋದು ಅಂದರೆ ಕನ್ನಡದಲ್ಲಿ ಮೋಸ. ‘ಪರಿಷ್ಕೃತ ಲಾಭ’ ನೋಡೋಕೆ ಗಂಭೀರವಾಗಿದೆ, ಆದರೆ ಅರ್ಥ ಬೇರೆ: ಮೊದಲು ಒಂದು ಅಂಕಿ ಕೊಟ್ಟು, ಆಮೇಲೆ ಅದನ್ನು ಬದಲಿಸಿದಂತೆ. ಇಲ್ಲಿ ಎರಡೂ ಅಂಕಿ ಒಂದೇ ದಿನ, ಒಂದೇ ವರದಿಯಲ್ಲಿ, ಪಕ್ಕಪಕ್ಕದಲ್ಲೇ ಇರುತ್ತವೆ. ‘ಸರಿಹೊಂದಿಸಿದ’ ಅನ್ನೋದು ಪರವಾಗಿಲ್ಲ, ಆದರೆ ಅದರಲ್ಲಿರೋ ‘ಸರಿ’ ನೋಡಿ. ಇದೇ ಸರಿಯಾದ ಲಾಭ, ನಿವ್ವಳ ಲಾಭ ಸರಿಯಿಲ್ಲ ಅನ್ನೋ ಭಾವನೆ ಬರೋದಿಲ್ವಾ?

ನನ್ನ ಮನಸ್ಸು ‘ಸೋಸಿದ ಲಾಭ’ದ ಕಡೆ ವಾಲುತ್ತಿದೆ. ಏನನ್ನೋ ತೆಗೆದು ನೋಡಿದ್ದಾರೆ ಅಂತ ಕೇಳಿದ ಕೂಡಲೇ ತಿಳಿಯುತ್ತದೆ. ಸೋಸಿದ್ದು ಯಾರು, ಏನನ್ನು ತೆಗೆದರು ಅಂತ ಓದುವವರು ಕೇಳಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ತೆಗೆಯುವುದು ಕಂಪನಿಯೇ. ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದಲ್ಲಿ ಈ ಅಂಕಿಗೆ ಗೊತ್ತಾದ ವ್ಯಾಖ್ಯೆ ಇಲ್ಲ, ಬೇರೆ ಕಂಪನಿಯ ಅಂಕಿಯ ಜೊತೆ ಹೋಲಿಸುವಾಗ ಎಚ್ಚರ ಬೇಕು ಅಂತ ಕ್ಯಾಮೆಕೊ ವರದಿಯೇ ಹೇಳುತ್ತದೆ. ಅಡಿಗೆಮನೆಯ ಪದ ಲೆಕ್ಕಪತ್ರಕ್ಕೆ ಹಗುರವಾಯಿತು ಅನ್ನುವವರು ಇರಬಹುದು. ‘ನಿವ್ವಳ’ ಪಕ್ಕದಲ್ಲಿ ಇಟ್ಟು ಓದಿ ನೋಡಿ: ನಿವ್ವಳ ಲಾಭ 17.2 ಕೋಟಿ, ಸೋಸಿದ ಲಾಭ 29.2 ಕೋಟಿ. ನನಗಂತೂ ಕಿವಿಗೆ ಒಗ್ಗುತ್ತದೆ.

ಎಬಿಟ್ಡಾಗೆ ‘ಲಾಭ’ ಸೇರಿಸಲೇಬಾರದು ಅಂತ ನನ್ನ ವಾದ. ಬಡ್ಡಿ, ತೆರಿಗೆ, ಸವಕಳಿ ಯಾವುದನ್ನೂ ಕಳೆಯದೆ ನೋಡಿದ ಅಂಕಿ ಅದು. ‘ಗಳಿಕೆ’ ಅಂದರೆ ಸಾಕು. ‘ಎಬಿಟ್ಡಾ ಗಳಿಕೆ’ ಅಂತ ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಬರೀ ‘ಎಬಿಟ್ಡಾ’. ರೆವೆನ್ಯೂಗೆ ‘ಆದಾಯ’ ಬಳಸೋದೂ ನಿಲ್ಲಬೇಕು, ‘ವರಮಾನ’ವೇ ವಾಸಿ. ಆದಾಯ ತೆರಿಗೆ ಅನ್ನುವಲ್ಲಿ ಆದಾಯ ಅಂದರೆ ಖರ್ಚು ಕಳೆದ ಮೇಲಿನದು, ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಖರ್ಚು ಕಳೆಯುವ ಮೊದಲಿನದು. ಒಂದೇ ಪದ ಎರಡೂ ಕಡೆ ದುಡಿಯುತ್ತಿದೆ, ಪಾಪ.

ಇನ್ನು ಗೈಡೆನ್ಸ್ (ಮುಂದಿನ ಅವಧಿಗೆ ಕಂಪನಿ ಕೊಡುವ ಅಂಕಿ) ಮತ್ತು ಮುಂದಿನ ದಿನಗಳ ಬಗೆಗಿನ ಅದರ ನೋಟ, ಅಂದರೆ ಔಟ್‌ಲುಕ್. ಎರಡಕ್ಕೂ ‘ಮುನ್ನೋಟ’ ಅಂತ ಬರೆದು ಕೈತೊಳೆದುಕೊಳ್ಳುವ ರೂಢಿ ಇದೆ. ಗೈಡೆನ್ಸ್‌ಗೆ ‘ಮಾರ್ಗದರ್ಶನ’ ಅಂತ ಬರೆದದ್ದನ್ನೂ ನೋಡಿದ್ದೇನೆ, ಕಂಪನಿ ಯಾರಿಗೋ ಬುದ್ಧಿ ಹೇಳಿದ ಹಾಗಿತ್ತು. ಎರಡೂ ಬೇರೆ ಅನ್ನೋದಕ್ಕೆ ಕ್ಯಾಮೆಕೊದ್ದೇ ಉದಾಹರಣೆ ಇದೆ. 2025ರಲ್ಲಿ ಮೆಕಾರ್ಥರ್ ರಿವರ್‌ನಿಂದ 1.8 ಕೋಟಿ ಪೌಂಡ್ ತೆಗೆಯುತ್ತೇವೆ ಅಂತ ಹೇಳಿತ್ತು. ಆಗಸ್ಟ್ ಕೊನೆಗೆ ಅದನ್ನು 1.4ರಿಂದ 1.5 ಕೋಟಿಗೆ ಇಳಿಸಿತು. ಕಾರಣ ನೆಲದೊಳಗಿನದು. ಅಲ್ಲಿ ಅದಿರಿನ ಸುತ್ತ ನೀರು ತುಂಬಿದ ಮರಳುಗಲ್ಲು ಇದೆ. ಕೊಳವೆ ಇಳಿಸಿ, ತಣ್ಣನೆಯ ಉಪ್ಪುನೀರು ಹರಿಸಿ, ಆ ಬಂಡೆಯನ್ನು ಹೆಪ್ಪುಗಟ್ಟಿಸಿದ ಮೇಲೇ ಅದಿರಿಗೆ ಕೈಹಾಕಬೇಕು. ಹೊಸ ಜಾಗದಲ್ಲಿ ಹೆಪ್ಪುಗಟ್ಟುವುದು ಅಂದುಕೊಂಡಷ್ಟು ಬೇಗ ಆಗಲಿಲ್ಲ. ಅಂಕಿ ಇಳಿಯಿತು. ಆದರೆ ಅಣುವಿದ್ಯುತ್ತಿಗೆ ಬೇಡಿಕೆ ಏರುತ್ತದೆ ಅನ್ನೋ ಕಂಪನಿಯ ಮಾತು ಬದಲಾಗಲಿಲ್ಲ. ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ವೆಸ್ಟಿಂಗ್‌ಹೌಸ್ ರಿಯಾಕ್ಟರುಗಳಿಗೆ ಕನಿಷ್ಠ 8,000 ಕೋಟಿ ಅಮೆರಿಕ ಡಾಲರಿನ ಪಾಲುದಾರಿಕೆ ಪ್ರಕಟಿಸಿದ ಮೇಲೆ ಆ ಮಾತು ಇನ್ನೂ ಜೋರಾಯಿತು.

ಹಾಗಾಗಿ ಗೈಡೆನ್ಸ್‌ಗೆ ‘ಮುನ್ನಂದಾಜು’, ಔಟ್‌ಲುಕ್‌ಗೆ ‘ಮುನ್ನೋಟ’ ಅಂತ ಬೇರೆ ಮಾಡಿದ್ದೇನೆ. ಕ್ರಿಯಾಪದ ಹಚ್ಚಿ ನೋಡಿದರೆ ಗೊತ್ತಾಗುತ್ತದೆ. ‘ಮುನ್ನಂದಾಜು ಇಳಿಸಿದೆ’ ಸಲೀಸಾಗಿ ಬರುತ್ತದೆ. ‘ಮುನ್ನೋಟ ಇಳಿಸಿದೆ’ ಅಂದರೆ ತಲೆ ತಗ್ಗಿಸಿದ ಹಾಗೆ. ‘ಮುನ್ಸೂಚನೆ’ಯನ್ನು ಮಳೆಗೆ, ‘ಭವಿಷ್ಯ’ವನ್ನು ಜ್ಯೋತಿಷಿಗಳಿಗೆ ಬಿಟ್ಟುಬಿಡೋಣ.

ಉತ್ಪಾದನೆ ನಿಲ್ಲಿಸಿ ಗಣಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ‘ಕೇರ್ ಆಂಡ್ ಮೇಂಟೆನೆನ್ಸ್’ಗೆ ‘ಕಾಪಿಟ್ಟ ಗಣಿ’ ಅಂದುಕೊಂಡಿದ್ದೇನೆ. 2018ರ ಜನವರಿಯಲ್ಲಿ ಬೆಲೆ ಸಾಲದೆ ಮೆಕಾರ್ಥರ್ ರಿವರ್ ನಿಲ್ಲಿಸಿದರು, ಯುರೇನಿಯಂ ತುಂಬಿದ ಮೊದಲ ಡ್ರಮ್ ಮತ್ತೆ ಹೊರಬಂದದ್ದು 2022ರ ನವೆಂಬರ್‌ನಲ್ಲಿ. ನಡುವೆ ಅದನ್ನು ‘ಮುಚ್ಚಿದ ಗಣಿ’ ಅನ್ನೋದು ತಪ್ಪು. ಪಂಪು ನಿಂತರೆ ನೀರು ನುಗ್ಗುತ್ತದೆ. ಜನ ಇರಲೇಬೇಕು, ಖರ್ಚು ಬರುತ್ತಲೇ ಇರುತ್ತದೆ, ಅದು ನೇರ ಆ ವರ್ಷದ ವೆಚ್ಚಕ್ಕೇ ಬೀಳುತ್ತದೆ. ‘ಸ್ಥಗಿತ’ ಅಂದರೆ ಈ ಯಾವುದೂ ಹೊಳೆಯೋದಿಲ್ಲ.

ಸಿಕ್ಕಿಹಾಕಿಕೊಂಡಿರೋದು ‘ರಿಯಲೈಸ್ಡ್ ಪ್ರೈಸ್’ ಹತ್ತಿರ. 2024ರ ಜನವರಿಯಲ್ಲಿ ಸ್ಪಾಟ್ ಬೆಲೆ (ತಕ್ಷಣದ ಮಾರಾಟದ ಬೆಲೆ) ಪೌಂಡಿಗೆ 100 ಅಮೆರಿಕ ಡಾಲರ್ ದಾಟಿತು. ಕ್ಯಾಮೆಕೊ ಕೈಗೆ ಅಷ್ಟು ಬರಲಿಲ್ಲ. ಅದು ಮಾರುವುದು ಹೆಚ್ಚಾಗಿ ವರ್ಷಗಟ್ಟಲೆಯ ಒಪ್ಪಂದದಲ್ಲಿ, ಎಷ್ಟೋ ಒಪ್ಪಂದಗಳಲ್ಲಿ ಬೆಲೆಗೆ ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಇರುತ್ತವೆ. ನಿಜವಾಗಿ ಕೈಸೇರಿದ ಆ ಬೆಲೆಗೆ ‘ಗಿಟ್ಟಿದ ಬೆಲೆ’ ಅನ್ನೋಣ ಅನಿಸಿತು. ಒಳ್ಳೇ ಬೆಲೆ ಗಿಟ್ಟಿತು ಅಂತೀವಲ್ಲ, ಅದೇ. ಆದರೆ ‘ಈ ಬೆಲೆಗೆ ಗಿಟ್ಟೋದಿಲ್ಲ’ ಅಂದರೆ ಅಸಲೂ ಹುಟ್ಟೋದಿಲ್ಲ ಅಂತ ಅರ್ಥ. ಆಗ ‘ಗಿಟ್ಟಿದ ಬೆಲೆ’ಯನ್ನು ಲಾಭ ತಂದ ಬೆಲೆ ಅಂತ ಓದಿಕೊಳ್ಳುವವರೂ ಇರುತ್ತಾರೆ. ‘ಕೈಸೇರಿದ ಬೆಲೆ’ಯಲ್ಲಿ ಆ ಗೊಂದಲ ಇಲ್ಲ, ಆದರೆ ಸಪ್ಪೆ. ನಿಮ್ಮ ಕಡೆ ‘ಗಿಟ್ಟು’ ಹೇಗೆ ಬಳಕೆಯಲ್ಲಿದೆ? ಬೆಲೆ ಸಿಕ್ಕಿತು ಅನ್ನೋದಕ್ಕಷ್ಟೇನಾ, ಇಲ್ಲಾ ಲಾಭವೂ ಆಯಿತು ಅನ್ನೋದಕ್ಕಾ? ಲೆಕ್ಕಪತ್ರ, ಮಂಡಿ ವ್ಯಾಪಾರ ಬಲ್ಲವರು ಹೇಳಿದರೆ ಆ ಸಾಲು ಮುಗಿಸುತ್ತೇನೆ.