ಹೋಮ್‌ಸ್ಕೂಲಿಂಗ್: ಮೂರನೇ ಕ್ಲಾಸಿಗೇ ಗ್ರೇಡ್ ಬೇಕಾ?

ಮನೆಯಲ್ಲೇ ಓದುವ ಮೂರನೇ ಕ್ಲಾಸಿನ ಮಗಳಿಗೆ ಎ, ಬಿ ಅಂತ ಗ್ರೇಡ್ ಕೊಡಬೇಕಾ ಅಂತ ಕೇಳಿದ್ದೀರಿ. ಮೊದಲು ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಅಮೆರಿಕದಲ್ಲಿ ಇದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಟೆಕ್ಸಾಸ್, ನ್ಯೂಜೆರ್ಸಿಯಲ್ಲಿ ಪರೀಕ್ಷೆ, ರಿಪೋರ್ಟ್ ಯಾವುದನ್ನೂ ಕೇಳುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಪೋರ್ಟ್‌ಫೋಲಿಯೋ (ಮಗು ಮಾಡಿದ ಕೆಲಸದ ಕಡತ) ಇಡಬೇಕು, ಅದನ್ನು ಇವ್ಯಾಲ್ಯುಯೇಟರ್ (ಮೌಲ್ಯಮಾಪಕರು) ನೋಡಬೇಕು, 3, 5, 8ನೇ ಕ್ಲಾಸಿನಲ್ಲಿ ಪರೀಕ್ಷೆಯೂ ಇದೆ. ನ್ಯೂಯಾರ್ಕ್‌ನವರು ವರ್ಷಕ್ಕೆ ನಾಲ್ಕು ರಿಪೋರ್ಟ್ ಕೊಡಬೇಕು. ಆದರೆ ಅಲ್ಲೂ ಪ್ರತಿ ವಿಷಯಕ್ಕೆ ಗ್ರೇಡ್ ಹಾಕಬಹುದು, ಇಲ್ಲವೇ ಮಗು ಎಲ್ಲಿಗೆ ಬಂದಿದೆ ಅಂತ ಬರೆದು ಕೊಡಬಹುದು. ಅಷ್ಟು ಬಿಗಿ ಇರುವ ರಾಜ್ಯವೇ ಗ್ರೇಡ್ ಬೇಕೇ ಬೇಕು ಅನ್ನುವುದಿಲ್ಲ.

ನನ್ನ ಪ್ರಕಾರ ಚಿಕ್ಕ ಮಕ್ಕಳಿಗೆ ಬೇಡ. ಕ್ಲಾಸಿನಲ್ಲಿ ಇಲ್ಲದ ಅಪ್ಪ ಅಮ್ಮನಿಗೆ ತಿಳಿಸಲು ಶಾಲೆಗೆ ರಿಪೋರ್ಟ್ ಕಾರ್ಡ್ ಬೇಕು. ನೀವು ಪಕ್ಕದಲ್ಲೇ ಕೂತಿರುತ್ತೀರಿ. ಭಿನ್ನರಾಶಿಯಲ್ಲಿ ಅವಳು ಎಲ್ಲಿ ಎಡವುತ್ತಾಳೆ ಅಂತ ನಿಮಗೆ ಗೊತ್ತು. 'ಬಿ' ಅಂತ ಬರೆದರೆ ಅದು ಮುಚ್ಚಿಹೋಗುತ್ತದೆ, ಅಲ್ವಾ?

ಪಕ್ಕದಲ್ಲಿ ಕೂರುವುದರಲ್ಲಿ ಒಂದು ತೊಂದರೆಯೂ ಇದೆ. ನಮಗೇ ಗೊತ್ತಿಲ್ಲದೆ ಸುಳಿವು ಕೊಡುತ್ತಿರುತ್ತೇವೆ. ತಪ್ಪು ಬರೆಯುವಾಗ 'ಹ್ಞೂಂ?' ಅಂದರೆ ಸಾಕು, ಮಗು ಅಳಿಸಿಬಿಡುತ್ತದೆ. ಹಾಗಾಗಿ ಆಗಾಗ ಹಾಳೆ ಕೊಟ್ಟು ಬೇರೆ ರೂಮಿಗೆ ಹೋಗಿಬಿಡಿ. ಮುಗಿದ ಪಾಠವನ್ನು ಎರಡು ವಾರ ಬಿಟ್ಟು ಸುಮ್ನೆ ಕೇಳಿ, 'ನನಗೆ ಹೇಳಿಕೊಡು ನೋಡೋಣ' ಅನ್ನಿ. ಆಗಲೂ ಬಂದರೆ ಮುಂದಿನ ಪಾಠ. ತಿಂಗಳಿಗೊಂದು ಹಾಳೆ ತಾರೀಖು ಹಾಕಿ ಎತ್ತಿಡಿ, ತಪ್ಪಿರುವುದನ್ನೂ ಸೇರಿಸಿ. ಚೆನ್ನಾಗಿರುವುದನ್ನೇ ಆರಿಸಿಟ್ಟರೆ ಏನೂ ತಿಳಿಯುವುದಿಲ್ಲ. ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕನ್ನಡವನ್ನೂ. ಒತ್ತಕ್ಷರದ ಹತ್ತಿರ ತಡವರಿಸುವುದು ಕಡಿಮೆಯಾಯಿತಾ ಅಂತ ಹಳೆಯದನ್ನು ಕೇಳಿದರೆ ಗೊತ್ತಾಗುತ್ತದೆ.

ಪರೀಕ್ಷೆ ಬರೆಸಿದರೆ ಪರ್ಸೆಂಟೈಲ್ ನೋಡಿ ಗಾಬರಿಯಾಗಬೇಡಿ. 60ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ 60 ಅಂಕ ಅಲ್ಲ. ಅದೇ ಕ್ಲಾಸಿನ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗಿಂತ ಮುಂದೆ ಅಂತ. (ಅಜ್ಜಿ ತಾತನಿಗೆ ಈ ಸಂಖ್ಯೆ ಹೇಳಲೇಬೇಡಿ. 'ಇನ್ನು 40 ಎಲ್ಲಿ ಹೋಯಿತು?' ಅಂತಾರೆ.)

ಒಂಬತ್ತನೇ ಕ್ಲಾಸಿನಿಂದ ಕಥೆ ಬೇರೆ. ಕಾಲೇಜಿಗೆ ಟ್ರಾನ್ಸ್‌ಕ್ರಿಪ್ಟ್ (ಓದಿದ ಕೋರ್ಸ್‌ಗಳ ಪಟ್ಟಿ) ಬೇಕು, ಅದರಲ್ಲಿ ಸಾಮಾನ್ಯವಾಗಿ ಗ್ರೇಡ್, ಕ್ರೆಡಿಟ್ (ಕೋರ್ಸ್ ಎಷ್ಟು ದೊಡ್ಡದು ಅನ್ನುವ ಅಳತೆ), ಜಿಪಿಎ (ಗ್ರೇಡ್‌ಗಳ ಸರಾಸರಿ) ಇರುತ್ತದೆ. ಒಂದು ಕ್ರೆಡಿಟ್‌ಗೆ ಸುಮಾರು 120ರಿಂದ 180 ಗಂಟೆ ಅಂತ ಲೆಕ್ಕ ಹಿಡಿಯುತ್ತಾರೆ. ಗ್ರೇಡ್‌ನಲ್ಲಿ ಪರೀಕ್ಷೆಗೆ ಎಷ್ಟು ಪಾಲು, ಬರವಣಿಗೆಗೆ ಎಷ್ಟು ಪಾಲು ಅಂತ ಕೋರ್ಸ್ ಶುರುವಾಗುವ ಮೊದಲೇ ಬರೆದಿಡಿ. ಆಮೇಲೆ ಕೂತು ಕೊಟ್ಟರೆ ಕೈ ಜಾಸ್ತಿ ಉದಾರವಾಗುತ್ತದೆ. ಅಮ್ಮ ಕೊಟ್ಟ 'ಎ'ಗಳ ಜೊತೆ ಎಪಿ ಪರೀಕ್ಷೆ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಅಥವಾ ಕಮ್ಯುನಿಟಿ ಕಾಲೇಜಿನ ಒಂದು ಕೋರ್ಸ್ ಇದ್ದರೆ ಅದಕ್ಕೆ ತೂಕ ಬರುತ್ತದೆ. ಕನ್ನಡವನ್ನೂ ಭಾಷಾ ವಿಷಯವಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹಾಕಬಹುದು. ಓದಿದ ಪುಸ್ತಕಗಳ ಪಟ್ಟಿ, ಬರೆದದ್ದು ಜೊತೆಗಿರಲಿ, ಯಾರಾದರೂ ಕೇಳಿದರೆ ತೋರಿಸಲು ಬೇಕಾಗುತ್ತದೆ.